ಕಾಗದದ ಮೇಲಿನ ಸವತಿ

ಲ್ಯಾಬಮ್ಮ ಎಂದರೆ ಬೀದಿಗೆಲ್ಲ ಗೊತ್ತು. ಮನೆಯ ಹಿಂದಿನ ಕೋಣೆಯಲ್ಲಿ ಆಳೆತ್ತರದ ಫೋಟೊಗಳನ್ನು ಪ್ರಿಂಟ್ ಹಾಕುವ ಹೆಂಗಸು. ಮದುವೆಯಾದ ಹೊಸದರಲ್ಲಿ, ಫಿಲ್ಮ್ ತೊಳೆಯುವ ಕತ್ತಲೆ ಕೋಣೆಯ ಕೆಂಪು ದೀಪದ ಕೆಳಗೆ ಕಲಿತ ಕೆಲಸ. ಈಗ ಕಂಪ್ಯೂಟರು, ಮಂಚದಷ್ಟಗಲದ ಪ್ರಿಂಟರು ಬಂದಿವೆ. ಗಂಡ ಹೆಸರುವಾಸಿ ಛಾಯಾಗ್ರಾಹಕರು. ಮದುವೆಮನೆಯಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವವರಲ್ಲ, ದುಡಿಯುವ ಜನರ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಿ ದಾಖಲಿಸುವವರು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹೆತ್ತ ತಾಯಿಯೇ ಬಯ್ಯುತ್ತಿದ್ದರು.

ಆ ದುಡಿಯುವ ಜನರಲ್ಲಿ ಲ್ಯಾಬಮ್ಮನ ಹೊಟ್ಟೆ ಉರಿಸಿದವಳು ಒಬ್ಬಳೇ, ಇಟ್ಟಿಗೆ ಗೂಡಿನ ಹೆಂಗಸು. ಪ್ರತಿ ಬೇಸಿಗೆಯಲ್ಲೂ ಗಂಡ ಅವಳಿದ್ದಲ್ಲಿಗೆ ಹೋಗುತ್ತಿದ್ದರು. ಮಗಳಿಗೆ ಜ್ವರ ಏರಿದಾಗಲೂ ಅಲ್ಲೇ, ಮಗಳು ಶಾಲೆಯ ನಾಟಕದಲ್ಲಿ ರಾಣಿಯಾದಾಗಲೂ ಅಲ್ಲೇ. ತಿರುಗಿ ಬಂದರೆ ಚಿತ್ರಗಳ ರಾಶಿ: ತಲೆಯ ಮೇಲೆ ಇಟ್ಟಿಗೆ ಹೊತ್ತವಳು, ಬಾಗಿಲಲ್ಲಿ ಕೂತು ಕೂದಲು ಬಾಚಿಕೊಳ್ಳುವವಳು, ಮಗುವನ್ನು ಮಡಿಲಲ್ಲಿ ಹಾಕಿಕೊಂಡು ತೂಕಡಿಸುವವಳು. ಪ್ರಿಂಟಿನ ಮೇಲೆ ಧೂಳು ಬಿಟ್ಟ ಬಿಳಿ ಚುಕ್ಕಿಗಳಿಗೆ ಸಣ್ಣ ಕುಂಚದಿಂದ ಬಣ್ಣ ತುಂಬುತ್ತ ತುಂಬುತ್ತ, ಆ ಮುಖದ ಮಚ್ಚೆ ಮಡಿಕೆಯೆಲ್ಲ ಲ್ಯಾಬಮ್ಮನಿಗೆ ಬಾಯಿಪಾಠವಾಗಿತ್ತು. ಸವತಿಗೆ ತಾನೇ ಸಿಂಗಾರ ಮಾಡುವ ಕರ್ಮ ಯಾವ ಹೆಂಡತಿಗೆ ಬಂದೀತು?

“ನನ್ನದೂ ಒಂದು ಫೋಟೊ ತೆಗೀರಿ ಅಂದ್ರೆ ನಿಮಗೆ ಪುರುಸೊತ್ತಿಲ್ಲ.”

“ನಿನ್ನ ದಿನಾ ನೋಡ್ತೀನಲ್ಲೇ,” ಎಂದರು ಗಂಡ, ಕಂಪ್ಯೂಟರಿನಿಂದ ಕಣ್ಣು ಕೀಳದೆ. “ಇವಳ ಮುಖ ಸ್ವಲ್ಪ ಬೆಳಗಿಸು.”

ಲ್ಯಾಬಮ್ಮ ಬೇಕೆಂದೇ ಕಪ್ಪಾಗಿಸಿದಳು.

“ಇದೇನಿದು, ಮಸಿ ಬಳಿದ ಹಾಗಿದೆ?”

“ಬಿಸಿಲಲ್ಲಿ ದುಡಿಯೋಳು ತಾನೆ? ಇನ್ನು ಹೇಗಿರ್ತಾಳೆ!”

ಬೈಸಿಕೊಂಡು ಮತ್ತೆ ಪ್ರಿಂಟ್ ಹಾಕಿದಳು. ಒಳ್ಳೆಯ ಕಾಗದ ಹಾಳಾಯಿತು ನಿಜ, ಆದರೆ ಒಂದು ಗಳಿಗೆ ಹೊಟ್ಟೆ ತಣ್ಣಗಾಗಿತ್ತು.

ಆ ರಾಶಿಯಲ್ಲಿ ಒಂದು ಚಿತ್ರವಿತ್ತು. ಅದರಲ್ಲಿ ಆ ಹೆಂಗಸು ತಲೆ ಹಿಂದಕ್ಕೆ ಚೆಲ್ಲಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಗಂಡನೆದುರು ಯಾರಾದರೂ ಹಾಗೆ ನಕ್ಕದ್ದನ್ನು ಲ್ಯಾಬಮ್ಮ ಕಂಡಿರಲಿಲ್ಲ. ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರುವ ಮನುಷ್ಯ ಅಲ್ಲಿ ಏನು ಹೇಳಿ ನಗಿಸಿದ್ದಾರು? ಒಂದಲ್ಲ ಒಂದು ದಿನ ಇದನ್ನು ಅವಳ ಬಾಯಿಂದಲೇ ಕೇಳಬೇಕೆಂದು ಹಲ್ಲು ಕಚ್ಚಿಕೊಂಡು ಕಾದಳು.

ಗಂಡನ ಚಿತ್ರಗಳ ದೊಡ್ಡ ಪ್ರದರ್ಶನಕ್ಕೆ ಇಟ್ಟಿಗೆ ಗೂಡಿನವಳನ್ನೂ ಕರೆಸಿದರು. ಗಂಡನ ಸುತ್ತ ಪತ್ರಕರ್ತರು ಮುತ್ತಿಕೊಂಡಿದ್ದರು. ಆ ಹೆಂಗಸು ಒಗೆದ ಸೀರೆಯುಟ್ಟು, ತನ್ನದೇ ನಗುವಿನ ಮುಂದೆ ಒಬ್ಬಳೇ ನಿಂತಿದ್ದಳು. ಕೂದಲು ನೆರೆತಿತ್ತು. ಲ್ಯಾಬಮ್ಮ ನೆಟ್ಟಗೆ ಹೋಗಿ ತಾನು ಯಾರೆಂದು ಹೇಳಿ ಕೇಳಿಯೇಬಿಟ್ಟಳು: “ಇಷ್ಟೊಂದು ನಗ್ತಿದ್ದೀಯಲ್ಲ, ನಮ್ಮನೆಯವರು ಅಂಥಾದ್ದೇನು ಹೇಳಿದ್ರು?”

“ಸಾಹೇಬ್ರಾ? ಅವರೆಲ್ಲಿ ಮಾತಾಡ್ತಾರಕ್ಕ!” ಅವಳಿಗೆ ಆಶ್ಚರ್ಯ. “ನನ್ನ ಮಗಳು ಅವರ ಬೆನ್ನ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ ಅವರನ್ನೇ ಅಣಕಿಸ್ತಿದ್ಲು. ಅದಕ್ಕೆ ನಗು. ಇಷ್ಟು ವರ್ಷ ಬಂದ್ರು, ಒಂದು ದಿನ ನನ್ನ ಹೆಸರು ಕೇಳ್ಲಿಲ್ಲ.”

ಲ್ಯಾಬಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆಗಲಿಲ್ಲ. ಮನೆಯಲ್ಲಿಲ್ಲದ ಗಂಡ ಅಲ್ಲಾದರೂ ಇದ್ದಾರೆ ಎಂದು ಅವಳು ನಂಬಿದ್ದಳು. ಅಲ್ಲಿಯೂ ಇರಲಿಲ್ಲ. ಹೊಟ್ಟೆಕಿಚ್ಚು ಪಡುವುದಕ್ಕೂ ಈಗ ಯಾರೂ ಉಳಿಯಲಿಲ್ಲವಲ್ಲ ಎಂದು ಅಳು ಬಂತು.

“ಮನೇಲಾದ್ರೂ ಮಾತಾಡ್ತಾರಾ ಅಕ್ಕ?”

“ಅಯ್ಯೋ, ಬಾಯಿ ಮುಚ್ಚಿದ್ರೆ ತಾನೆ!” ಎಂದಳು ಲ್ಯಾಬಮ್ಮ. “ಅದೂ ಇದೂ ಹೇಳಿ ನನ್ನ ನಗಿಸ್ತಾನೇ ಇರ್ತಾರೆ.”

“ಪುಣ್ಯ ಮಾಡಿದೀರಿ ಬಿಡಿ.”

ಅಷ್ಟೂ ಚಿತ್ರಗಳಲ್ಲಿ ಎಂದೂ ಕಾಣದ ಹೊಟ್ಟೆಕಿಚ್ಚು ಆ ಮುಖದಲ್ಲಿ ಸುಳಿಯಿತು. ಲ್ಯಾಬಮ್ಮ ಅದನ್ನು ಕಣ್ತುಂಬ ನೋಡಿದಳು.