ಕೂತು ಕಲಿತ ಬ್ಯಾಂಡು

ಹಾಲೇಶಿ ಚಹಾ ಕುಡಿಯುವಾಗಲೂ ನಡೆಯುತ್ತಿದ್ದ. ಶಿಕಾರಿಪುರದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಗ್ಲಾಸು ಹಿಡಿದು ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ತಿರುಗುತ್ತಿದ್ದ ಅವನನ್ನು ಕಂಡು ಹೋಟೆಲಿನವರು, "ಒಂದ್ ಕಡೀಗೆ ಕುಂದರ್ರಿ ಹಾಲೇಶಪ್ಪ, ನಿಮ್ಮನ್ನ ನೋಡಿ ನೋಡಿ ನಂಗ ತಲಿ ತಿರುಗ್ತತಿ" ಎಂದು ಬೇಡಿಕೊಳ್ಳುತ್ತಿದ್ದರು. ಅವನು ಕೂರುತ್ತಿರಲಿಲ್ಲ. ಇದು ಹುಟ್ಟುಗುಣವೇನಲ್ಲ. ಹದಿನೇಳನೆಯ ವಯಸ್ಸಿನಲ್ಲಿ, ಸೊರಬದ ಒಂದು ಮದುವೆಯಲ್ಲಿ ಅಂಟಿಕೊಂಡದ್ದು. ಆ ದಿನ ಅವನ ಪಕ್ಕದಲ್ಲಿ ಕೊರಳಿಗೆ ಡ್ರಮ್ಮು ನೇತುಹಾಕಿಕೊಂಡು ನಿಂತಿದ್ದವನು ನಾನು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಕಡೆ ಮದುವೆಗೆ ಬ್ಯಾಂಡ್ ಸೆಟ್ ಬೇಕೆಂದರೆ ಶಿವಮೊಗ್ಗದಿಂದಲೇ ಬರಬೇಕಿತ್ತು. ಅವರು ಕೆಂಪು ಕೋಟು ತೊಟ್ಟು ಬಸ್ಸಿನಿಂದ ಇಳಿದರೆ ಹಾಲೇಶಿ ಉಣ್ಣುವ ತಟ್ಟೆ ಬಿಟ್ಟು ಹಿಂದೆ ಹೋಗುತ್ತಿದ್ದ. ಒಂದು ದಿನ ನಾಲ್ಕು ಜನ ಗೆಳೆಯರನ್ನು ಕಾಲುವೆ ಕಟ್ಟೆಯ ಮೇಲೆ ಸೇರಿಸಿ, "ನಮ್ಮೂರಿಗೆ ನಮ್ದೇ ಬ್ಯಾಂಡ್ ಕಟ್ಟಾನು" ಎಂದ. ನಮ್ಮಲ್ಲಿ ಯಾರಿಗೂ ಏನೂ ಬರುವುದಿಲ್ಲವಲ್ಲ ಎಂದೆ. "ಬರಲಾರ್ದಕ್ಕೇ ಕಲಿಯೋದಲೇ ರುದ್ರ್ಯಾ. ಬರ್ತಿದ್ರ ನಿನ್ನನ್ಯಾಕ ಕರೀತಿದ್ದೆ?" ಎಂದು ಬಾಯಿ ಮುಚ್ಚಿಸಿದ.

ನಿಂತುಹೋದ ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರರೊಬ್ಬರು ಊರಲ್ಲೇ ಉಳಿದುಕೊಂಡಿದ್ದರು. ಕಂಪನಿಯ ತುತ್ತೂರಿ, ಕ್ಲಾರಿಯೋನೆಟ್, ತಾಳ, ಎರಡು ಡ್ರಮ್ಮು ಅವರ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದವು. ಹಾಲೇಶಿ ಒಂದು ತಿಂಗಳು ಅವರ ಮನೆಗೆ ನೀರು ಹೊತ್ತು, ಅವನ್ನೂ ಮಾಸ್ತರರನ್ನೂ ಒಟ್ಟಿಗೇ ಒಲಿಸಿಕೊಂಡ. ಪಾಠ ನಡೆದದ್ದು ಅವನ ಅಪ್ಪ ಬಸಪ್ಪನವರ ಭತ್ತದ ಮಳಿಗೆಯಲ್ಲಿ. ಮೂಟೆಗಳು ಸದ್ದು ಕುಡಿಯುತ್ತವೆ ಎಂಬುದು ಅವನ ಲೆಕ್ಕಾಚಾರ. ಆದರೂ ಪಕ್ಕದ ಮನೆಯ ಗೌರಮ್ಮನವರು ಬಂದು, "ನಿಮ್ ತುತ್ತೂರಿ ಶುರುವಾದಾಗಿಂದ ನಮ್ಮೆಮ್ಮಿ ಹಾಲು ಕೊಡೋದು ಬಿಟ್ಟತಿ" ಎಂದು ಜಗಳ ತೆಗೆದರು.

ಬಸಪ್ಪನವರಿಗೆ ಎಮ್ಮೆಗಿಂತ ಮನೆತನದ ಚಿಂತೆ. "ಊದೋದು ಬಡಿಯೋದು ನಮ್ಮ ವಂಶದಾಗ ಯಾರ್ ಮಾಡ್ಯಾರಲೇ?" ಎಂದು ಕೂಗಾಡಿದರು. ಕೊನೆಗೆ ಒಂದು ಕರಾರಿಗೆ ಬಂದರು. ಹಾಲೇಶಿಯ ಚಿಕ್ಕಪ್ಪನ ಮಗನಿಗೆ ಸೊರಬದ ಹೆಣ್ಣು ಗೊತ್ತಾಗಿತ್ತು. "ಬೀಗರ ಮುಂದ ಮರ್ಯಾದಿ ಉಳಿಸಿದ್ರಿ ಅಂದ್ರ ಊದ್ಕೋ. ಇಲ್ಲಾಂದ್ರ ತುತ್ತೂರಿ ನನ್ ಕೈಗೆ ಕೊಟ್ಟು ಅಂಗಡ್ಯಾಗ ಕುಂದರಬೇಕು." ಹಾಲೇಶಿ ಒಪ್ಪಿಕೊಂಡ.

ಮದುವೆಯ ದಿನ ಶಿರಾಳಕೊಪ್ಪದ ಮೇಲೆ ಬಸ್ಸು ಸೊರಬ ಮುಟ್ಟಿತು. ಮದುಮಗನ ಮೆರವಣಿಗೆ ಊರ ಬಾಗಿಲಿನಿಂದ ಹೆಣ್ಣಿನ ಮನೆಗೆ ಹೊರಡಬೇಕು. ನಿಂತಲ್ಲೇ ಶುರು ಮಾಡಿದೆವು, ಚೆನ್ನಾಗಿಯೇ ಬಂತು. ಜನ ತಲೆದೂಗಿದರು. ಆಮೇಲೆ ಮೆರವಣಿಗೆ ಹೊರಟಿತು, ನಾವೂ ಹೆಜ್ಜೆ ಇಟ್ಟೆವು. ಡ್ರಮ್ಮು ನನ್ನ ಮೊಣಕಾಲಿಗೆ ಬಡಿದು ಕೋಲು ಕೈಜಾರಿತು. ತುತ್ತೂರಿ ಹಾಲೇಶಿಯ ಹಲ್ಲಿಗೆ ಹೊಡೆದು ಕತ್ತೆಯಂತೆ ಅರಚಿತು. ಆಗ ಹೊಳೆಯಿತು ನಮಗೆ: ಆರು ತಿಂಗಳು ನಾವು ಕಲಿತದ್ದೆಲ್ಲ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು! ಮಾಸ್ತರರು ಜೀವಮಾನವಿಡೀ ಕೂತು ಪೆಟ್ಟಿಗೆ ಬಾರಿಸಿದವರು. ಬ್ಯಾಂಡಿನವರು ನಡೆಯಬೇಕೆಂಬುದು ಅವರಿಗೂ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

ಹುಡುಗಿಯ ಸೋದರಮಾವ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಎಂಥದು ಮಾರಾಯ್ರೆ ಇದು? ನಿಂತ್ರೆ ಬ್ಯಾಂಡು, ನಡೆದ್ರೆ ಗಲಾಟೆ!" ಎಂದರು. ಸೊರಬಕ್ಕೆ ಸೊರಬವೇ ನಕ್ಕಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತ್ತು. ಹಾಲೇಶಿ ತುಟಿಯ ರಕ್ತ ಒರೆಸಿಕೊಂಡು ಸುತ್ತ ನೋಡಿದ. ಬಸ್ಸಿನಿಂದ ಇಳಿಸಿದ ನಮ್ಮ ಸಾಮಾನು ತಂದ ಎತ್ತಿನ ಗಾಡಿ ನಿಂತಿತ್ತು. "ಎತ್ತು ಬಿಚ್ರಿ, ಡ್ರಮ್ಮಿಗೆ ಬೆದರ್ತಾವ. ನಮ್ ಕಡಿ ಹುಡುಗ್ರು ನೊಗ ಹಿಡೀರಿ. ಲೇ, ನೀವು ಹತ್ರಲೇ ಗಾಡಿ!" ಎಂದು ಗದರಿದ. ಗಾಡಿಯ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಹೆಣ್ಣಿನ ಮನೆಯವರೆಗೂ ಒಂದು ಸ್ವರ ತಪ್ಪದಂತೆ ಬಾರಿಸಿದೆವು. ಸೋದರಮಾವನವರೇ ನಮಗೆ ಎರಡೆರಡು ಹೋಳಿಗೆ ಹೆಚ್ಚಿಗೆ ಬಡಿಸಿದರು.

ಊಟವಾದ ಮೇಲೆ ಬಸಪ್ಪನವರು, "ಏನೋ, ಮರ್ಯಾದಿ ಉಳೀತಪ್ಪ" ಎಂದರು. ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗಿತ್ತು. ಹಾಲೇಶಿ ತುತ್ತೂರಿಯನ್ನು ಅಪ್ಪನ ಕೈಗಿಟ್ಟ. "ಇಲ್ಲಪ್ಪ, ಸೋತೀವಿ. ಗಾಡ್ಯಾಗ ಎಳಿಸ್ಕೊಂಡು ಹೋಗೋದು ಬ್ಯಾಂಡಲ್ಲ. ನಡಿಯಾಕ ಬಂದ ದಿನ ವಾಪಸ್ ಕೇಳ್ತೀನಿ." ನನಗೆ ಅವನ ಮೇಲೆ ಸಿಟ್ಟು ನೆತ್ತಿಗೇರಿತ್ತು. ಈಗ ಆ ಮಾತು ನೆನೆದರೆ ಹೆಮ್ಮೆ.

ಮಾರನೆಯ ದಿನದಿಂದ ಅವನು ಅಂಗಡಿಗೆ ಹೋದ. ಆದರೆ ಅಂಗಡಿ ತೆರೆಯುವ ಮೊದಲು ನಮ್ಮನ್ನು ಅಂಜನಾಪುರದ ನೀರು ಬರುವ ಕಾಲುವೆಯ ಏರಿಗೆ ಎಳೆದುಕೊಂಡು ಹೋಗುತ್ತಿದ್ದ. ನಮ್ಮ ಕೊರಳಲ್ಲಿ ಡ್ರಮ್ಮು, ಅವನ ಬಾಯಲ್ಲಿ ಪಪ್ಪಾಯಿ ಎಲೆಯ ದಂಟು. ಅದನ್ನೇ ಪೀಪಿಯಂತೆ ಊದುತ್ತ ಮುಂದೆ ನಡೆಯುತ್ತಿದ್ದ. "ಮೊದ್ಲು ಕಾಲಿಗೆ ತಾಳ ಬರಬೇಕಲೇ. ಕೈ ತಾನೇ ಹಿಂದ ಬರ್ತತಿ!" ಗದ್ದೆಗೆ ಬಂದ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಕ್ಲಾರಿಯೋನೆಟ್ಟಿನವನು ಎರಡು ಸಲ ಕಾಲುವೆಗೆ ಬಿದ್ದ. ಹಾಲೇಶಿ ಎತ್ತಿ ನಿಲ್ಲಿಸಿ, ಅವನು ಒದ್ದೆ ಬಟ್ಟೆಯಲ್ಲೇ ಮೊದಲಿನಿಂದ ಶುರು ಮಾಡುವಂತೆ ಮಾಡುತ್ತಿದ್ದ.

ಮಳೆಗಾಲ ಕಳೆದು ಭತ್ತ ತೆನೆಗಟ್ಟಿದ ಹೊತ್ತಿಗೆ ಒಂದು ಬೆಳಿಗ್ಗೆ ನಮ್ಮನ್ನು ಏರಿಯಿಂದ ಇಳಿಸಿ ನೇರ ಪೇಟೆಗೆ ನಡೆಸಿದ. ಬಸಪ್ಪನವರ ಅಂಗಡಿಯ ಮುಂದೆ ಮೂರು ಸಲ ಹಾದೆವು, ಒಂದೇ ಹೆಜ್ಜೆಯಲ್ಲಿ, ಪಪ್ಪಾಯಿ ದಂಟಿನ ಮುಂದಾಳತ್ವದಲ್ಲಿ. ಬಸಪ್ಪನವರು ತಕ್ಕಡಿ ಕೆಳಗಿಟ್ಟು ನೋಡುತ್ತಿದ್ದರು. ಮೂರನೆಯ ಸಲ ಎದ್ದು ಒಳಗೆ ಹೋಗಿ, ಸಂದೂಕದ ಬೀಗ ತೆಗೆದು ತುತ್ತೂರಿ ತಂದರು. ಹೆಗಲ ಮೇಲಿನ ಟವೆಲಿನಿಂದ ಅದನ್ನು ಒರೆಸಿ, "ತಗೋ. ಆ ದಂಟು ಬಿಸಾಕು, ಅಸಯ್ಯ ಕಾಣ್ತತಿ" ಎಂದರು.

ಆಮೇಲೆ ನಾವು ಸೊರಬದ ಬೀದಿಗಳಲ್ಲಿ ಎಷ್ಟೋ ಸಲ ನಡೆದೆವು. ಚಂದ್ರಗುತ್ತಿಯ ಏರನ್ನೂ ಬಾರಿಸುತ್ತಲೇ ಹತ್ತಿದೆವು. ಹಾಲೇಶಿಗೆ ಮಾತ್ರ ಕೂರುವುದೆಂದರೆ ಆಗದಂತಾಯಿತು.

ಕೊನೆಯ ಸಲ ನೋಡಲು ಹೋದಾಗ ಉಬ್ಬಸದಿಂದ ಹಾಸಿಗೆ ಹಿಡಿದಿದ್ದ. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ವಿಮಾನ ಕಟ್ಟಿ, ಹೂವಿನ ನಡುವೆ ಕೂರಿಸಿ ಒಯ್ಯುತ್ತಾರೆ. ಅದನ್ನೇ ನೆನೆದು ನಕ್ಕ. "ಕಡೀಗೂ ನನ್ನ ಕುಂದರಿಸ್ತಾರಲೇ ರುದ್ರ್ಯಾ. ನೀವು ಮಾತ್ರ ಗಾಡಿ ಗೀಡಿ ಹತ್ತಬ್ಯಾಡ್ರಿ." ನಾನು ಅಳುತ್ತ ಹೂಂ ಎಂದೆ.

ಹದಿನೈದು ದಿನಕ್ಕೆ ಹಾಗೆಯೇ ಆಯಿತು. ಐವರಲ್ಲಿ ಮೂವರೇ ಉಳಿದಿದ್ದೆವು. ಮೊಮ್ಮಕ್ಕಳು ಜೀಪು ತರಿಸಿದ್ದರು, ನಾವು ಹತ್ತಲಿಲ್ಲ. ದಾರಿಯುದ್ದಕ್ಕೂ ಡ್ರಮ್ಮು ನನ್ನ ಮೊಣಕಾಲಿಗೆ ಬಡಿಯುತ್ತಲೇ ಇತ್ತು, ಆದರೆ ಒಂದು ಹೆಜ್ಜೆಯೂ ತಪ್ಪಲಿಲ್ಲ. ಹಾಲೇಶಿ ಹಿಂದೆ ಎತ್ತರದಲ್ಲಿ ಕೂತು ಬರುತ್ತಿದ್ದ.