ಅಮೆಯ ದಿನಗಳಲ್ಲಿ ಮ್ಯೂಸಿಯಂ

ಡಿಸೆಂಬರಿನ ಒಂದು ಭಾನುವಾರ ನನ್ನ ಮಗನನ್ನೂ ತಮ್ಮನ ಮಗಳನ್ನೂ ಕರೆದುಕೊಂಡು ಆಲೆಟ್ಟಿಯಿಂದ ಪುತ್ತೂರಿನ ಬದಿಯ ಒಂದು ಸಣ್ಣ ಮ್ಯೂಸಿಯಂಗೆ ಹೋಗಿದ್ದೆ. ತಮ್ಮನ ಹೆಂಡತಿಗೆ ಗಂಡುಮಗು ಹುಟ್ಟಿ ಆರು ದಿನವಾಗಿತ್ತು. ಮನೆಯವರೆಲ್ಲ ಬಾಣಂತಿಯ ಸುತ್ತ ಇದ್ದರು. ಹತ್ತು ವರ್ಷದ ಹುಡುಗಿಯನ್ನು ಕೇಳುವವರಿರಲಿಲ್ಲ. ಅವಳಿಗೆ ನೋಡಬೇಕಿದ್ದದ್ದು ಒಂದೇ: ಮುಟ್ಟಿದರೆ ತಲೆಕೂದಲು ಎದ್ದು ನಿಲ್ಲುವ ಲೋಹದ ಗೋಳ. ಶಾಲೆಯವರು ಅಲ್ಲಿಗೆ ಪ್ರವಾಸ ಹೋದ ದಿನ ಅವಳಿಗೆ ಜ್ವರವಿತ್ತು.

ಗೋಳ ಇದ್ದದ್ದು ವಿಜ್ಞಾನದ ಕೋಣೆಯಲ್ಲಿ. ಸಂಸ್ಕೃತಿಯ ಕೋಣೆ ದಾಟಿಯೇ ಅಲ್ಲಿಗೆ ಹೋಗಬೇಕು. ಮಗ ಮುಂದೆ ಓಡಿದ, ನಾನು ಹಿಂದೆ. ನೇಗಿಲು, ಭತ್ತ ಅಳೆಯುವ ಕಳಸೆ, ಆಮೇಲೆ ಗಾಜಿನೊಳಗೆ ಭೂತಕೋಲದಲ್ಲಿ ಬಳಸುವ, ದೈವದ ಹಿತ್ತಾಳೆಯ ಮೊಗಗಳು. ತಿರುಗಿ ನೋಡಿದರೆ ಹುಡುಗಿ ಹೊಸ್ತಿಲಿನ ಹೊರಗೇ ನಿಂತಿದ್ದಳು.

"ಎಂತ ಮಾರಾಯ್ತಿ, ಬಾ! ಗಾಜಿನ ಒಳಗೆ ಉಂಟು, ಹೊರಗೆ ಬಂದು ಹಿಡಿಯುದಿಲ್ಲ," ಎಂದ ಮಗ.

"ನಮಗೆ ಅಮೆ ಅಲ್ವಾ? ದೈವದ ಎದುರು ಹೋಗ್ಲಿಕ್ಕಿಲ್ಲ." ಮತ್ತೆ ನನ್ನನ್ನು ನೋಡಿ, "ದೊಡ್ಡಪ್ಪ, ನಿಮಗೂ ಉಂಟು," ಎಂದಳು.

ಹೆರಿಗೆಯಾದ ಮನೆಯವರು ಶುದ್ಧವಾಗುವ ತನಕ ಪಾಲಿಸಬೇಕಾದ ಆ ಕಟ್ಟುಪಾಡು ನನಗೆ ನೆನಪೇ ಆಗಿರಲಿಲ್ಲ. ಇದು ಗುಡಿಯಲ್ಲ, ಇಲ್ಲಿ ಪೂಜೆ ನಡೆಯುವುದಿಲ್ಲ ಎಂದು ವಿವರಿಸತೊಡಗಿದೆ. ನನ್ನಂತೆ ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ಸ್ಪಷ್ಟೀಕರಣ ಕೊಡುವ ಅಭ್ಯಾಸ ಇರುತ್ತದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಕಾಲು ಮಾತ್ರ ಎತ್ತಲಿಲ್ಲ.

"ತಮ್ಮನಿಗೆ ಎಂತಾದ್ರೂ ಆದ್ರೆ?" ಎಂದಳು. ಕಣ್ಣು ತುಂಬಿತ್ತು.

ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಹಿರಿಯರೊಬ್ಬರು ಎದ್ದು ಬಂದರು. "ಮಗು ಹುಟ್ಟಿ ಎಷ್ಟು ದಿನ ಆಯ್ತು ಮಗಾ?"

"ಆರು."

"ಹಾಗಾದ್ರೆ ಇದರಲ್ಲಿ ಬೇಡ. ವಿಜ್ಞಾನದ ಕೋಣೆಗೆ ಹಿಂದೆ ಒಂದು ಬಾಗಿಲು ಉಂಟು, ಬಾ."

ಮೊಳೆಯಲ್ಲಿ ನೇತಾಡುತ್ತಿದ್ದ ಬೀಗದ ಕೈ ತೆಗೆದುಕೊಂಡು ಅವಳನ್ನು ಕಟ್ಟಡದ ಹಿಂಬದಿಗೆ ಕರೆದೊಯ್ದರು. ಹೊರಗೆ ಬಂದು ಅವರ ಹಿಂದೆಯೇ ಹೊರಟ ನನಗೆ, "ನೀವು ಹೇಗೂ ಹೋಗಿ ಆಗಿದೆ ಮಾರಾಯ್ರೆ, ಅದರಲ್ಲೇ ಬನ್ನಿ," ಎಂದು ನಕ್ಕರು.

ನನ್ನ ವಾದ ತಪ್ಪಾಗಿರಲಿಲ್ಲ. ಆದರೆ ಅದರಿಂದ ಅವಳಿಗೆ ಗೋಳ ಸಿಗುತ್ತಿರಲಿಲ್ಲ. ಸಿಕ್ಕಿದ್ದರೂ ಮನೆಗೆ ಹೋಗಿ ತೊಟ್ಟಿಲ ಹತ್ತಿರ ಬರಲು ಹೆದರುತ್ತಿದ್ದಳು. ಆ ಹಿರಿಯರ ಉಪಕಾರ ಎಷ್ಟು ದೊಡ್ಡದೆಂದು ಅಂದು ಮನೆಗೆ ಮರಳುವ ದಾರಿಯುದ್ದಕ್ಕೂ ಯೋಚಿಸಿದೆ. ಈಗಲೂ ಯೋಚಿಸುತ್ತೇನೆ.

ನಾವು ಒಳಗಿನಿಂದ ತಲುಪುವಾಗ ಅವರು ಅವಳನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಲ್ಲಿಸಿ ಯಂತ್ರ ಚಾಲೂ ಮಾಡಿದ್ದರು. ಹುಡುಗಿ ಎರಡೂ ಕೈ ಗೋಳದ ಮೇಲಿಟ್ಟಿದ್ದಳು. ಅಲ್ಲಿ ಕನ್ನಡಿ ಇರಲಿಲ್ಲ.

"ನಿಂತಿತಾ? ನಿಂತಿತಾ?" ಎಂದು ಕೇಳುತ್ತಲೇ ಇದ್ದಳು.

"ನಿಂತಿತು ಮಗಾ," ಎಂದರು ಅವರು. "ಎಲ್ಲ ನಿಂತಿತು."