ನಮ್ಮ ಬಾಗಿಲ ಮುಂದಿನ ಉಬ್ಬು

ನಮ್ಮ ಮಾವ ಮಲ್ಲೇಶಪ್ಪನವರು ಓಣಿಯ ಜನರನ್ನು ಕಾಲಿನಿಂದ ಗುರುತಿಸುತ್ತಿದ್ದರು. ಇಳಕಲ್ಲಿನ ನೇಕಾರರ ಮನೆ ನಮ್ಮದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂತರೆ, ಬೆಳಕಿಗೆಂದು ಇಟ್ಟ ಗಿಡ್ಡ ಕಿಟಕಿಯಲ್ಲಿ ಕಾಣುವುದು ಪಾದ, ಸೀರೆಯ ಅಂಚು, ಗಾಲಿ ಇಷ್ಟೇ. "ಸಂಗಪ್ಪ ಇವತ್ತ ಹೇಣ್ತಿ ಕೂಡ ಜಗಳಾಡ್ಯಾನ. ಚಪ್ಪಲಿ ಹೆಂಗ ಬಡಕೋತ ಹೊಂಟಾನ ನೋಡವಾ" ಎಂದು ಎರಡು ಮನೆ ಆಚೆಗಿನ ಸಂಗಪ್ಪನವರನ್ನು ಕಂಡು ನಗುತ್ತಿದ್ದರು. ನಾನು ಪಕ್ಕದಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಮದುವೆಯಾಗಿ ಹುನಗುಂದದಿಂದ ಬಂದ ನನಗೆ ಮಗ್ಗ ಕಲಿಸಿದವರೂ ಅವರೇ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಆ ಕಿಟಕಿಯಲ್ಲಿ ಗಾಲಿಗಳು ಹೆಚ್ಚಾದವು. ಕಲ್ಲುಗಣಿಯ ಲಾರಿಗಳು ಪೇಟೆಯ ಗದ್ದಲ ತಪ್ಪಿಸಲು ನಮ್ಮ ಓಣಿ ಹಿಡಿದಿದ್ದವು. ಒಂದು ಮುಂಜಾನೆ ನಮ್ಮ ಮನೆಗೂ ನೆರೆಮನೆಯ ಗಂಗವ್ವನ ಮನೆಗೂ ನಡುವಿನ ನಳದ ಹತ್ತಿರ, ಅವಳ ಮಗಳು ಲಾರಿ ಮೈಮೇಲೆ ಬಂದದ್ದು ಕಂಡು ಕೊಡ ಬಿಟ್ಟು ಗೋಡೆಗೆ ಒತ್ತಿಕೊಂಡಳು. ಹುಡುಗಿ ಉಳಿದಳು. ತಾಮ್ರದ ಕೊಡ ರೊಟ್ಟಿಯಾಯಿತು.

ಮಾವ ಆ ಕೊಡವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ರಸ್ತೆ ನೋಡಿಕೊಳ್ಳುವ ಕಚೇರಿಗೆ ಹೊರಟರು. ನಾನೂ ಗಂಗವ್ವನೂ ಹಿಂದೆ ಹೋದೆವು. ಲಾರಿಗಳು ಸಾವಕಾಶ ಹೋಗುವಂತೆ ನಳದ ಹತ್ತಿರ ರಸ್ತೆಗೆ ಅಡ್ಡವಾಗಿ ಒಂದು ಉಬ್ಬು ಹಾಕಿಸಿಕೊಡಿ ಎಂದು ಮಾವ ಕೇಳಿದರು.

"ಕೊಡ ಅಷ್ಟ ಹೋಗೇತಲ್ರಿ, ಹಿರ್ಯಾರ" ಎಂದರು ಅಲ್ಲಿನ ಸಾಹೇಬರು.

"ಹೌದ್ರಿ. ಈ ಸಲ ಕೊಡ ಅಷ್ಟ" ಎಂದು ಮಾವ ಅದನ್ನು ಮೇಜಿನ ಮೇಲೆ ಬಿಚ್ಚಿಟ್ಟರು.

ಅವರ ಬಾಯಿಂದ ಆಗಲಿ ಎನ್ನಿಸುವಷ್ಟರಲ್ಲಿ ಒಂದು ಮಳೆಗಾಲ ಮುಗಿದಿತ್ತು. ಹೋದಾಗಲೆಲ್ಲ ಮಗ್ಗ ನಿಲ್ಲುತ್ತಿತ್ತು, ಕಚೇರಿಯ ಬೆಂಚು ಕಾಯುತ್ತಿತ್ತು. ಕೊನೆಗೆ ಸಾಹೇಬರು, "ಯಾವ ಮನಿ ಮುಂದ ಅಂತ ಓಣ್ಯಾಗ ನೀವ ಠರಾವ ಮಾಡ್ಕೊಂಡ ಬರ್ರಿ. ಹಾಕಿದ ಮ್ಯಾಲ ತಗೀರಿ ಅಂತ ಯಾರೂ ಬರಬಾರ್ದ ಮತ್ತ" ಎಂದರು. ಗೆದ್ದೆವು ಅಂದುಕೊಂಡೆವು.

ಆದರೆ ತುಂಬಿದ ಲಾರಿ ಉಬ್ಬು ಹತ್ತಿ ಇಳಿದರೆ ನೆಲ ಅದುರುತ್ತದೆ. ಓಣಿಯಲ್ಲಿ ಮನೆಮನೆಗೂ ಕುಣಿಮಗ್ಗ. ನೆಲ ಅದುರಿದರೆ ಮಗ್ಗಕ್ಕೆ ಉದ್ದಕ್ಕೆ ಹಾಸಿದ ರೇಷ್ಮೆ ಎಳೆಗಳು ಹರಿಯುತ್ತವೆ. ಗುಡಿಯ ಕಟ್ಟೆಗೆ ಸೇರಿದ ಎಲ್ಲರಿಗೂ ಉಬ್ಬು ಬೇಕಿತ್ತು, ಯಾರಿಗೂ ತಮ್ಮ ಬಾಗಿಲಲ್ಲಿ ಬೇಡವಾಗಿತ್ತು.

"ನಮ್ಮ ಗ್ವಾಡಿ ಮೊದಲ ಬಿರದೈತಿ, ಬೀಳತೈತಿ ಅದು" ಎಂದರು ಸಂಗಪ್ಪ.

"ನಾ ಲಗ್ನಾಗಿ ಬಂದಾಗಿಂದ ಬಿರದೈತಿ, ಇನ್ನೂ ಬಿದ್ದಿಲ್ಲಲ್ಲೋ ಯಣ್ಣಾ" ಎಂದಳು ಗಂಗವ್ವ.

"ಹಂಗಾರ ನಿನ್ನ ಬಾಗಲಕ್ಕ ಹಾಕಿಸ್ಕೋ ಬೇ! ಕೊಡ ನಿಂದ ಅಲ್ಲೇನ?"

ಗಂಗವ್ವನ ಮನೆಯಲ್ಲೂ ಮಗ್ಗವಿತ್ತು. ಮಾವ ಟವೆಲ್ ಝಾಡಿಸಿ ಎದ್ದರು. "ನಮ್ಮ ಬಾಗಲಕ್ಕ ಹಾಕ್ಲಿ ಬಿಡ್ರಪಾ. ಮನಿಗಿ ಹೋಗಿ ಉಣ್ರಿ." ಅಂದು ಅತ್ತೆ ಅವರ ಮುಂದೆ ಊಟದ ತಾಟನ್ನು ಕುಕ್ಕಿ ಇಟ್ಟರು.

ಉಬ್ಬು ಬಂತು. ಲಾರಿಗಳ ಓಟ ತಗ್ಗಿತು. ಹುಡುಗಿಯರು ಮತ್ತೆ ನಳದ ಹತ್ತಿರ ಕೊಡ ಇಟ್ಟು ಹರಟೆಗೆ ನಿಲ್ಲತೊಡಗಿದರು. ನಮ್ಮ ಮನೆಯಲ್ಲಿ ಮಾತ್ರ ದಿನವಿಡೀ ಧಡ್, ಧಡ್. ಮಾವ ಲಾಳಿ ನಿಲ್ಲಿಸಿ, ಬಗ್ಗಿ, ಹರಿದ ಎಳೆಯ ತುದಿ ಹುಡುಕಿ ಕಟ್ಟುವರು. ಅಷ್ಟರಲ್ಲಿ ಮತ್ತೊಂದು ಲಾರಿ. ನನಗೆ ಸಾಕುಸಾಕಾಗಿ ಒಮ್ಮೆ ಅಂದೇಬಿಟ್ಟೆ: "ಮಾವಾರ, ಒಂದೀಟ ಆಚಿಗಿ ಸರಸ್ರಿ ಅಂತ ಹೇಳೂಣ್ರಿ."

"ಯಾರ ಬಾಗಲಕ್ಕ ಸರಸೂಣವಾ?"

ನಾನು ಮತ್ತೆ ಕಂಡಿಕೆಗೆ ಕೈ ಹಾಕಿದೆ. "ನಿನಗ ಸಪ್ಪಳಾ ಕೇಳಿ ಸಂಕಟ. ಇಲ್ಲಿ ಕುಂತಾವಗ ಅಷ್ಟೇನಿಲ್ಲ" ಎಂದು ಮಾವ ಮತ್ತೆ ಲಾಳಿ ಓಡಿಸಿದರು.

ಬೇರೆ ಓಣಿಗಳವರು ತಮಗೂ ಉಬ್ಬು ಹೇಗೆ ಹಾಕಿಸುವುದೆಂದು ಕೇಳಿಕೊಂಡು ಬರತೊಡಗಿದರು. ಬಂದವರೆಲ್ಲ ಸಾಹೇಬರು ಸಿಗುವ ಹೊತ್ತು ಕೇಳುವವರು. ಮಾವ ಅವರಿಗೆ ಚಹಾ ಕೊಡಿಸಿ, "ಸಾಹೇಬ್ರ ಕಡೆ ಆಮ್ಯಾಲ ಹೋಗ್ರಿ. ಯಾರ ಮನಿ ಮುಂದ ಅನ್ನೂದ ಮೊದಲ ಮುಗಸ್ಕೋರಿ. ನಮ್ಮ ಬಾಗಲಾ ಅಂತೂ ಖಾಲಿ ಇಲ್ಲ!" ಅನ್ನುತ್ತಿದ್ದರು.

ಹೀಗೇ ವರ್ಷಗಳು ಕಳೆದು, ಒಂದು ಬೇಸಿಗೆಯಲ್ಲಿ ಮಾವ ತೀರಿಕೊಂಡರು. ಬಾಗಲಕೋಟೆಯ ದವಾಖಾನೆಯವರು ಮನೆಗೆ ಕರೆದೊಯ್ಯಿರಿ ಅಂದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ, ಮಗ್ಗದ ಮೇಲಿದ್ದ ಸೀರೆ ಮುಗಿಸಲೆಂದು ನಾನು ಕುಣಿಗಿಳಿದೆ. ನೇಯುವುದನ್ನು ಕಲಿಸಿದವರು, ಉಬ್ಬು ಬಂದ ಮೇಲೆ ಒಮ್ಮೆಯೂ ನನ್ನನ್ನು ಅಲ್ಲಿ ಕೂರಗೊಟ್ಟಿರಲಿಲ್ಲ. ಮುದುಕರ ಹಟ ಅಂದುಕೊಂಡಿದ್ದೆ.

ಲಾರಿ ಬಂತು. ಸಪ್ಪಳಕ್ಕಿಂತ ಮೊದಲು ಪೆಟ್ಟು ಬಂತು. ಅಂಗಾಲಿನಿಂದ ಹೊಕ್ಕು, ಮೊಣಕಾಲು, ಸೊಂಟ ಹಾದು ಹಲ್ಲಿನವರೆಗೆ ಏರಿತು. ಕೈಯಲ್ಲಿ ಲಾಳಿ ಹಾಗೇ ಉಳಿಯಿತು. ಅಷ್ಟು ವರ್ಷ ಅವರು ಇದರೊಳಗೆ ಕೂತಿದ್ದರು.

ಸಂಗಪ್ಪ ಕಿಟಕಿಗೆ ಬಗ್ಗಿ ನೋಡಿದರು. "ನೀ ಕುಂತಿಯೇನವಾ ಈಗ? ಅಲ್ಲಿ ಭಾಳ ಬಡೀತೈತೇನ?"

ಇದ್ದದ್ದು ಹೇಳಿದರೆ ಯಾರ ಬಾಗಿಲು ಎಂಬ ಮಾತು ಮತ್ತೆ ಏಳುತ್ತಿತ್ತು. ಹೊರಗೆ ನಳಕ್ಕೆ ನೀರು ಬಂದಿತ್ತು, ಹುಡುಗಿಯರು ಸರದಿಗಾಗಿ ಕಿತ್ತಾಡುತ್ತಿದ್ದರು.

"ಇಲ್ರಿ ಕಾಕಾ" ಎಂದೆ. "ಒಳಗ ಏನೂ ಗೊತ್ತಾಗಂಗಿಲ್ಲ."